ಒಂದು ಪದ್ಯಕ್ಕೆ ಒಂದು ಈಡು

ಶಾಟ್ ಟೈಮರ್ ಎಂಬುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪೆಟ್ಟಿಗೆ. ಅದಕ್ಕೊಂದು ಬಾಯಿ, ಒಂದು ಕಿವಿ. ಗುಂಡಿ ಒತ್ತಿದರೆ ಎರಡೋ ಮೂರೋ ಸೆಕೆಂಡು, ಎಷ್ಟೆಂದು ಮೊದಲೇ ಸುಳಿವು ಕೊಡದೆ, ಸುಮ್ಮನಿರುತ್ತದೆ. ಆಮೇಲೆ ಕೀರಲು ದನಿಯಲ್ಲಿ ಬೀಪ್ ಎಂದು ಕೂಗಿ ಕಿವಿ ತೆರೆದು ಕೂರುತ್ತದೆ. ಬಂದೂಕು ಸದ್ದು ಮಾಡಿದಾಗಲೆಲ್ಲ ಹೊತ್ತನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಬರೆದುಕೊಳ್ಳುತ್ತದೆ: ಕೂಗಿನಿಂದ ಮೊದಲ ಈಡಿಗೆ ಎಷ್ಟು, ಮೊದಲನೆಯದರಿಂದ ಎರಡನೆಯದಕ್ಕೆ ಎಷ್ಟು, ಒಟ್ಟು ಎಷ್ಟು. ಗುಂಡು ಎಲ್ಲಿ ಬಿತ್ತು ಎಂಬುದು ಮಾತ್ರ ಅದಕ್ಕೆ ತಿಳಿಯದು. ದಶರಥ ಸದ್ದು ಕೇಳಿ ಬಾಣ ಬಿಟ್ಟವನು. ಇದು ಬಿಟ್ಟ ಮೇಲೆ ಸದ್ದು ಕೇಳುವ ಶಬ್ದವೇಧಿ.

ನಾನು ನಂಜನಗೂಡಿನಲ್ಲಿ ಪಿಯು ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಮಾಡುವವನು. ವಾರಕ್ಕೆರಡು ದಿನ ತಿ. ನರಸೀಪುರದ ಕಡೆ ಗೆಳೆಯನೊಬ್ಬನ ತೋಟಕ್ಕೆ ಹೋಗಿ ಏರ್ ಪಿಸ್ತೂಲಿನಲ್ಲಿ ಗುರಿ ಅಭ್ಯಾಸ ಮಾಡುತ್ತೇನೆ. ಅವನು ರೇಷ್ಮೆ ಬಿಟ್ಟು ಕೆಲವು ವರ್ಷವಾಯಿತು. ಉದ್ದನೆಯ ಹುಳು ಮನೆ ಖಾಲಿ ಬಿದ್ದಿದೆ. ಹತ್ತು ಮೀಟರ್ ಅಳೆದು ಗೆರೆ ಎಳೆದರೂ ಹಿಂದೆ ನಿಂತು ನೋಡುವವರಿಗೆ ಜಾಗ ಉಳಿಯುತ್ತದೆ. ಟೈಮರ್ ಕೊಂಡ ಹೊಸತರಲ್ಲಿ ನನ್ನ ಸೋದರಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈಡು ಹೊಡಿಯಕ್ಕೂ ಗಡಿಯಾರ ಬೇಕೇನಪ್ಪಾ?" ಎಂದರು. ಅವರದು ಹೆಡಿಯಾಲದ ಕಡೆ, ಬಂಡೀಪುರದ ಕಾಡಿನಂಚು. ಬೆಳೆ ಕಾಯಲು ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇಟ್ಟುಕೊಂಡವರು. ಆನೆ ಬಂದ ರಾತ್ರಿ ಗಾಳಿಗೆ ಒಂದು ಈಡು ಹಾರಿಸುವುದಷ್ಟೇ ಅದರ ಕೆಲಸ, ಚುನಾವಣೆ ಬಂದರೆ ಅದೂ ಪೊಲೀಸ್ ಠಾಣೆಗೆ. ಅವರ ತಂದೆಯ ಕಾಲದ ಕೇಪಿನ ಕೋವಿಗೆ ಮದ್ದು ಹಾಕಿ, ಗಜದಿಂದ ಜಡಿದು, ಕೇಪು ಕೂರಿಸುವುದಕ್ಕೆ ಎಷ್ಟು ಹೊತ್ತಾಗುತ್ತಿತ್ತು ಎಂದು ಕೇಳಿದೆ. "ಒಂದು ಎಲಡಿಕೆ ಹಾಕ್ಕೊಳೋ ಹೊತ್ತು" ಎಂದರು.

ಈ ಉತ್ತರ ನನ್ನನ್ನು ಬಹಳ ದಿನ ಬಿಡಲಿಲ್ಲ. ಕೋವಿ ನಮ್ಮ ನಾಡಿಗೆ ಬಂದು ನಾನೂರು ವರ್ಷಕ್ಕೂ ಮೇಲಾಯಿತು. ಅಷ್ಟು ಕಾಲ ಒಂದು ಈಡಿನ ಹೊತ್ತನ್ನು ಯಾರು, ಯಾವುದರಿಂದ ಅಳೆದರು? ಕೈಫಿಯತ್ತುಗಳೂ ಯುದ್ಧಗಳ ಚರಿತ್ರೆಗಳೂ ಎಷ್ಟು ಕುದುರೆ, ಎಷ್ಟು ತೋಪು, ಎಷ್ಟು ಬಂದೂಕು ಎಂದು ಎಣಿಸುತ್ತವೆ. ಒಂದು ಬಂದೂಕು ಎಷ್ಟು ಹೊತ್ತಿಗೊಮ್ಮೆ ಸಿಡಿಯುತ್ತಿತ್ತು ಎಂಬ ಮಾತು ಅಪರೂಪ. ಸೋಲು ಗೆಲುವುಗಳ ಬಹುಪಾಲು ಅಲ್ಲೇ ಅಡಗಿತ್ತು ಎಂಬುದು ನನ್ನ ಗುಮಾನಿ.

ಸಣ್ಣ ಹೊತ್ತನ್ನು ಅಳೆಯುವ ವಿದ್ಯೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು ಅದು ಮುಳುಗುವವರೆಗಿನ ಹೊತ್ತನ್ನು ಗಳಿಗೆ ಎಂದರು. ಗಳಿಗೆ ಎಂದರೆ 24 ನಿಮಿಷ, ದಿನಕ್ಕೆ ಅರವತ್ತು. ಗಳಿಗೆಯ ಅರವತ್ತನೆಯ ಪಾಲು ವಿಗಳಿಗೆ, 24 ಸೆಕೆಂಡು. ಅಲ್ಲಿಂದ ಕೆಳಕ್ಕೆ ಬಟ್ಟಲು ನಡೆಯದು, ಮನುಷ್ಯನ ಮೈಯೇ ಆಗಬೇಕು. ವಿಗಳಿಗೆಗೆ ಆರು ಪ್ರಾಣ. ಪ್ರಾಣ ಎಂದರೆ ಆರೋಗ್ಯವಂತನ ಒಂದು ಉಸಿರಾಟ, 4 ಸೆಕೆಂಡು. ದಿನಕ್ಕೆ 21,600 ಉಸಿರು ಎಂದು ಯೋಗಿಗಳು ಹೇಳುವ ಲೆಕ್ಕ ಇದೇ. ಪ್ರಾಣಕ್ಕೆ ಹತ್ತು ಗುರು ಅಕ್ಷರ. ಅಂದರೆ ಒಂದು ಗುರುವಿಗೆ 0.4 ಸೆಕೆಂಡು. ಆರ್ಯಭಟ ವಿಗಳಿಗೆಯನ್ನು ಅರವತ್ತು ಗುರು ಅಕ್ಷರ ನುಡಿಯುವ ಹೊತ್ತು ಎಂದೇ ಹೇಳುತ್ತಾನೆ. ಛಂದಸ್ಸಿನಲ್ಲಿ ಗುರುವಿನ ಅರ್ಧ ಲಘು, ಆಗ ಒಂದು ಮಾತ್ರೆ 0.2 ಸೆಕೆಂಡು.

ಪ್ರಸ್ತಾರ ಹಾಕಿಸಿ ಹಾಕಿಸಿ ಕೈ ಸವೆದವನಿಗೆ ಇಲ್ಲಿಗೆ ಬಂದಮೇಲೆ ಸುಮ್ಮನಿರಲು ಆಗಲಿಲ್ಲ. ಭಾಮಿನಿ ಷಟ್ಪದಿಯ ಸಣ್ಣ ಸಾಲು ನಾಲ್ಕು, ತಲಾ 14 ಮಾತ್ರೆ; ಉದ್ದದ ಸಾಲು ಎರಡು, ತಲಾ 23. ಒಟ್ಟು 102 ಮಾತ್ರೆ. ಈ ಶಾಸ್ತ್ರದ ಲೆಕ್ಕದಲ್ಲಿ ಒಂದು ಪದ್ಯ 20.4 ಸೆಕೆಂಡು. ಗಮಕಿಗಳು ರಾಗ ಎಳೆದರೆ ಮಾತು ಬೇರೆ. ತರಗತಿಯಲ್ಲಿ ಓದುವ ಗತಿಗೆ ಇದು ತಕ್ಕಮಟ್ಟಿಗೆ ಹೊಂದುತ್ತದೆ. ಈ ಇಪ್ಪತ್ತು ಸೆಕೆಂಡನ್ನು ನೆನಪಿನಲ್ಲಿಡಿ. ಹದಿನೆಂಟನೆಯ ಶತಮಾನದಲ್ಲಿ ಚೆನ್ನಾಗಿ ಪಳಗಿದ ಯುರೋಪಿನ ಕಾಲಾಳು ಚಕಮಕಿ ಕೋವಿಯಲ್ಲಿ ನಿಮಿಷಕ್ಕೆ ಹೆಚ್ಚೂಕಡಿಮೆ ಮೂರು ಈಡು ಹೊಡೆಯುತ್ತಿದ್ದ. ಒಂದು ಭಾಮಿನಿ ಪದ್ಯಕ್ಕೆ ಒಂದು ಈಡು.

ಆ ವೇಗ ಕೋವಿಯಿಂದ ಬಂದದ್ದು ಸ್ವಲ್ಪ, ಎಣಿಕೆಯಿಂದ ಬಂದದ್ದು ಬಹಳ. ಬತ್ತಿ ಕೋವಿಯ ಕಾಲದಲ್ಲೇ, 1590ರ ದಶಕದಲ್ಲಿ, ಡಚ್ಚರ ನಾಸೌ ಮನೆತನದ ಸೇನಾನಿಗಳು ಸಾಲುಸಾಲಾಗಿ ನಿಂತು ಹೊಡೆಯುವ ಕ್ರಮ ಕಂಡುಕೊಂಡರು: ಮುಂದಿನ ಸಾಲು ಹೊಡೆದು ಹಿಂದೆ ಸರಿದು ಮದ್ದು ತುಂಬುವಾಗ ಹಿಂದಿನ ಸಾಲು ಮುಂದೆ ಬರುವುದು. ಇದು ನಡೆಯಬೇಕಾದರೆ ಎಲ್ಲರ ಕೈಗೂ ಒಂದೇ ಹೊತ್ತು ಹಿಡಿಯಬೇಕು. 1607ರಲ್ಲಿ ಯಾಕೋಬ್ ಡೆ ಗೇನ್ ಎಂಬ ಚಿತ್ರಕಾರ ಕೋವಿಗೆ ಮದ್ದು ತುಂಬಿ ಹೊಡೆಯುವ ಕ್ರಿಯೆಯನ್ನು ನಲವತ್ತಕ್ಕೂ ಹೆಚ್ಚು ಭಂಗಿಗಳಾಗಿ ಒಡೆದು ಪುಸ್ತಕ ಮಾಡಿದ. ಒಂದೊಂದು ಭಂಗಿಗೆ ಒಂದೊಂದು ಹುಕುಂ. ಹುಕುಂ ಕೊಡುವವನ ನಾಲಿಗೆಯೇ ಗಡಿಯಾರ. ಯಕ್ಷಗಾನದ ಹೆಜ್ಜೆ ಕಲಿಸುವಂತೆ, ಬಾಯಿಂದ ಕೈಗೆ.

ಇನ್ನು ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ನಂಜನಗೂಡಿನ ಹತ್ತಿರದಲ್ಲೇ ಕಳಲೆ. ಇವತ್ತು ಲಕ್ಷ್ಮೀಕಾಂತನ ಗುಡಿಗಾಗಿ ಜನ ಹೋಗುತ್ತಾರೆ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಮೈಸೂರಿನ ಅರಸರು ಹೆಸರಿಗಷ್ಟೇ ಅರಸರಾಗಿ, ಕಳಲೆಯ ದಳವಾಯಿ ಮನೆತನದ ಅಣ್ಣತಮ್ಮಂದಿರು ರಾಜ್ಯ ನಡೆಸುತ್ತಿದ್ದರು. ಅಣ್ಣ ದೇವರಾಜಯ್ಯ, 1735ರಲ್ಲಿ ಕಪಿಲೆಗೆ ಕಟ್ಟಿಸಿದ ಸೇತುವೆ ಅವನ ಕಾಲದ್ದು, ಮುಂದೆ ಅದರ ಮೇಲೆ ರೈಲೂ ಓಡಿತು. ತಮ್ಮ ಕರಾಚೂರಿ ನಂಜರಾಜಯ್ಯ. ಸಾಹಿತ್ಯ ಓದುವವರಿಗೆ ಇವನ ಹೆಸರು ಗೊತ್ತಿರುತ್ತದೆ: ಕನ್ನಡದಲ್ಲಿ 'ಕಕುದ್ಗಿರಿ ಮಾಹಾತ್ಮ್ಯ' ಮೊದಲಾದ ಗ್ರಂಥಗಳು ಇವನ ಹೆಸರಿನಲ್ಲಿವೆ, ಸಂಸ್ಕೃತದಲ್ಲಿ ನರಸಿಂಹಕವಿ ಒಂದು ಅಲಂಕಾರ ಗ್ರಂಥವನ್ನೇ 'ನಂಜರಾಜ ಯಶೋಭೂಷಣ' ಎಂದು ಇವನ ಹೆಸರಲ್ಲಿ ಬರೆದ. ಮಾತ್ರೆ ಎಣಿಸುವ ವಿದ್ಯೆ ಈ ಮನೆಯಲ್ಲಿ ತುಂಬಿ ತುಳುಕುತ್ತಿತ್ತು.

1752ರಲ್ಲಿ ನಂಜರಾಜಯ್ಯ ದೊಡ್ಡ ಸೈನ್ಯ ಕಟ್ಟಿಕೊಂಡು ತಿರುಚಿನಾಪಳ್ಳಿಗೆ ಹೋದ. ನವಾಬ ಮಹಮ್ಮದಾಲಿ ಸಹಾಯ ಮಾಡಿದರೆ ಊರನ್ನೇ ಬಿಟ್ಟುಕೊಡುವುದಾಗಿ ಮಾತು ಕೊಟ್ಟಿದ್ದ; ಕೆಲಸವಾದ ಮೇಲೆ ಕೈ ಎತ್ತಿದ. ಅದನ್ನು ಬಲವಂತವಾಗಿ ಪಡೆಯಲು ನಂಜರಾಜಯ್ಯ 1755ರವರೆಗೆ ಅಲ್ಲೇ ಕೂತ. ಎದುರಿಗೆ ಸ್ಟ್ರಿಂಜರ್ ಲಾರೆನ್ಸನ ಇಂಗ್ಲಿಷ್ ದಂಡು: ಸಂಖ್ಯೆಯಲ್ಲಿ ಚಿಕ್ಕದು, ಎಣಿಕೆಯಲ್ಲಿ ಪಳಗಿದ್ದು. ಊರು ದಕ್ಕಲಿಲ್ಲ, ಖಜಾನೆ ಬರಿದಾಯಿತು. ಗುಂಡಿನ ವೇಗವೊಂದರಿಂದಲೇ ಸೋತ ಎಂದು ನಾನು ಹೇಳಲಾರೆ. ಆ ಮೂರು ವರ್ಷದ ಕಥೆಯಲ್ಲಿ ಮೋಸ, ಫ್ರೆಂಚರು, ಮರಾಠರು, ದುಡ್ಡು ಎಲ್ಲವೂ ಇವೆ. ಆದರೆ ದುಡ್ಡಿಗೂ ವೇಗಕ್ಕೂ ಇರುವ ನಂಟು ಗಮನಿಸಬೇಕಾದ್ದು. ತಾಲೀಮು ಎಂದರೆ ಯುದ್ಧವಿಲ್ಲದ ದಿನವೂ ಸಿಪಾಯಿಯನ್ನು ಹಿಡಿದಿಟ್ಟುಕೊಂಡು ಸಂಬಳ ಕೊಡುವುದು, ಮದ್ದು ಸುಡುವುದು. ಸುಗ್ಗಿಗೆ ಊರಿಗೆ ಓಡುವವನಿಗೆ, ಆರು ತಿಂಗಳ ಬಾಕಿ ಇರುವವನಿಗೆ ನಲವತ್ತು ಭಂಗಿ ಕಲಿಸಲು ಸಾಧ್ಯವಿಲ್ಲ. 1758ರಲ್ಲಿ ಇದೇ ನಂಜರಾಜಯ್ಯನ ಬಾಗಿಲಲ್ಲಿ ಸಿಪಾಯಿಗಳು ಸಂಬಳದ ಬಾಕಿಗಾಗಿ ಧರಣಿ ಕೂತರು. ಅವರನ್ನು ಸಮಾಧಾನ ಮಾಡಿ ಎಬ್ಬಿಸಿದವನು ಹೈದರಾಲಿ.

ಹೈದರ್ ಓದು ಬರಹ ಬಾರದವನು, ಎಣಿಕೆ ಬಲ್ಲವನು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ನಂಜರಾಜಯ್ಯನ ಕಣ್ಣಿಗೆ ಬಿದ್ದ. ಕೈಗೆ ಬಂದೂಕುಗಳು ಸಿಕ್ಕಂತೆಲ್ಲ ಫ್ರೆಂಚರ ದಂಡು ಬಿಟ್ಟು ಬಂದವರನ್ನು ಹಿಡಿದು ತನ್ನವರಿಗೆ ಕವಾಯತು ಕಲಿಸಿದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಮೇಲೆ ಫ್ರೆಂಚ್ ಕುಶಲಿಗರನ್ನು ಕರೆಸಿ ತೋಪಖಾನೆ ಕಟ್ಟಿದ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಅವನ ಇನ್ನೊಂದು ಎಣಿಕೆಯನ್ನೂ ದಾಖಲಿಸಿದ್ದಾನೆ: ತಲೆ ಎಣಿಸಲು ಸರ್ಕಾರದ ಅಧಿಕಾರಿ ಬಂದಾಗ ಅದೇ ಸಿಪಾಯಿಗಳನ್ನು ಸುತ್ತಾಡಿಸಿ ಮತ್ತೆ ಮತ್ತೆ ಎಣಿಸುವಂತೆ ಮಾಡಿ, ಇಲ್ಲದವರ ಸಂಬಳವನ್ನೂ ವಸೂಲು ಮಾಡಿದನಂತೆ. ವಿಲ್ಕ್ಸನಿಗೆ ಹೈದರನ ಮೇಲೆ ಪ್ರೀತಿ ಇರಲಿಲ್ಲ, ಆದ್ದರಿಂದ ಸ್ವಲ್ಪ ಸೋಸಿ ತೆಗೆದುಕೊಳ್ಳಬೇಕು. ಆದರೂ ಆ ಕಳ್ಳ ಲೆಕ್ಕದ ಹಣ ತಾಲೀಮಿಗೂ ಹೋಗಿರಬೇಕು ಎಂದುಕೊಳ್ಳುವುದು ನನಗೆ ಇಷ್ಟ.

ಈ ಕಾಲದ ಇನ್ನೊಬ್ಬನನ್ನು ಇಲ್ಲಿ ತರಲೇಬೇಕು. ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1742ರಲ್ಲಿ ಗುಂಡಿನ ವೇಗ ಅಳೆಯುವ ಉಪಾಯ ಪ್ರಕಟಿಸಿದ. ತೂಗುಬಿಟ್ಟ ಭಾರವಾದ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದಕ್ಕೆ ತೂಗಿತು ಎಂಬುದರಿಂದ ವೇಗದ ಲೆಕ್ಕ ತೆಗೆಯುವುದು. ಕೋವಿಯ ಗುಂಡು ಸೆಕೆಂಡಿಗೆ 1,600 ಅಡಿಗೂ ಮಿಕ್ಕಿ ಹೋಗುತ್ತದೆ ಎಂದು ಕಂಡಾಗ ಅವನ ಕಾಲದವರು ನಂಬದಾದರು. ಈ ರಾಬಿನ್ಸ್ ಕಂಪನಿಯ ಇಂಜಿನಿಯರನಾಗಿ ಬಂದು 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಮರುವರ್ಷ ಅದೇ ತಮಿಳು ಸೀಮೆಗೆ ಕಳಲೆಯ ನಂಜರಾಜಯ್ಯನ ದಂಡು ಇಳಿಯಿತು. ರಾಬಿನ್ಸ್ ಗುಂಡಿನ ಹೊತ್ತನ್ನು ಹಿಡಿದ. ಹೊಡೆಯುವವನ ಹೊತ್ತು ಇನ್ನೂ ಹವಾಲ್ದಾರನ ಬಾಯಲ್ಲೇ ಇತ್ತು.

ಟಿಪ್ಪುವಿನ ಕಾಲಕ್ಕೆ ಆ ಬಾಯಿ ಪಾರಸಿಯಲ್ಲಿ ಮಾತಾಡಿತು. ಅವನ ನಿರ್ದೇಶನದಲ್ಲಿ ಜೈನುಲ್ ಅಬಿದೀನ್ ಶೂಸ್ತರಿ ಬರೆದ 'ಫತ್‌ಹುಲ್ ಮುಜಾಹಿದೀನ್' ಸೇನಾ ಕೈಪಿಡಿಯಲ್ಲಿ ಕವಾಯತಿನ ಹುಕುಂಗಳೆಲ್ಲ ಪಾರಸಿಯವು. ಆಮೇಲೆ ನಮ್ಮ ಪೊಲೀಸ್ ಮೈದಾನದಲ್ಲಿ ಬಹುಕಾಲ ಕೇಳಿಸಿದ್ದು ಸಾವಧಾನ್, ವಿಶ್ರಾಮ್. ಕನ್ನಡದ ಕೈಗೆ ಎಣಿಕೆ ಬಹುಮಟ್ಟಿಗೆ ಬೇರೆ ನುಡಿಯಿಂದಲೇ ಬಂದಿದೆ. ತುಪಾಕಿ, ತೋಪು ಎಂಬ ಮಾತುಗಳೂ ತುರ್ಕಿಯಿಂದ ಬಂದವು, ಬಂದೂಕು ಅರಬ್ಬಿಯಿಂದ. ಈಡು ಮಾತ್ರ ನಮ್ಮದು.

ಟಿಪ್ಪು 1787ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಮೂವರು ರಾಯಭಾರಿಗಳನ್ನು ಕಳಿಸಿದಾಗ ಫ್ರಾನ್ಸಿನಿಂದ ಕುಶಲಕರ್ಮಿಗಳನ್ನೂ ಕೇಳಿದ್ದ. ಆ ಪಟ್ಟಿಯಲ್ಲಿ ತೋಪು ಎರಕ ಹೊಯ್ಯುವವರು, ಬಂದೂಕು ಮಾಡುವವರ ಜೊತೆಗೆ ಗಡಿಯಾರ ಮಾಡುವವರೂ ಇದ್ದರು. ಇದು ರಾಜನ ಶೋಕಿ ಎಂದು ಓದುವವರಿದ್ದಾರೆ. ಚಕಮಕಿ ಕೋವಿಯ ಬೀಗವನ್ನು ಬಿಚ್ಚಿ ನೋಡಿದವರಿಗೆ ಹಾಗೆನಿಸದು: ಸ್ಪ್ರಿಂಗು, ಹಲ್ಲು, ಕೊಕ್ಕೆ. ಗಡಿಯಾರದವನ ಅರವೂ ಬಂದೂಕಿನವನ ಅರವೂ ಒಂದೇ ಲೋಹವನ್ನು ಉಜ್ಜುತ್ತಿದ್ದವು.

ಬಾಯಿ ಎಣಿಕೆಯ ಗುಂಡು ಇವತ್ತಿಗೂ ನಮ್ಮ ಜಿಲ್ಲೆಯಲ್ಲಿ ಉಳಿದಿದೆ, ವರ್ಷಕ್ಕೊಂದು ದಿನ. ವಿಜಯದಶಮಿಯಂದು ಅಂಬಾರಿಯ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವಾಗ ಪೊಲೀಸ್ ಬ್ಯಾಂಡು ರಾಷ್ಟ್ರಗೀತೆ ನುಡಿಸುತ್ತದೆ, ಅರಮನೆಯ ಪಕ್ಕದಲ್ಲಿ ಕುಶಾಲತೋಪು ಹಾರುತ್ತದೆ. ಇಪ್ಪತ್ತೊಂದು ತೋಪು, ಏಳು ಫಿರಂಗಿ, ಮೂರು ಸುತ್ತು. ರಾಷ್ಟ್ರಗೀತೆಗೆ 52 ಸೆಕೆಂಡು. ಅದು ಮುಗಿಯುವುದರೊಳಗೆ ತೋಪೂ ಮುಗಿಯಬೇಕು. ಇಪ್ಪತ್ತೊಂದು ಸದ್ದಿನ ನಡುವೆ ಇಪ್ಪತ್ತು ಸಂದು, ಹಾಗಾಗಿ ಒಂದೊಂದು ಸಂದಿಗೆ 2.6 ಸೆಕೆಂಡು. ಭಾಮಿನಿಯ ಸಣ್ಣ ಸಾಲಿಗಿಂತ ಒಂದು ಮಾತ್ರೆ ಕಡಿಮೆ. ಒಮ್ಮೆ ಹಾರಿದ ಫಿರಂಗಿಗೆ ತನ್ನ ಸರದಿ ಮತ್ತೆ ಬರುವುದು ಏಳು ಸಂದು ಕಳೆದ ಮೇಲೆ, ಸುಮಾರು 18 ಸೆಕೆಂಡಿಗೆ. ಅಷ್ಟರಲ್ಲಿ ಒದ್ದೆ ಸಿಂಬಿಯ ಕೋಲನ್ನು ನಳಿಗೆಗೆ ತೂರಿಸಿ ಒಳಗಿನ ಕಿಡಿ ಆರಿಸಬೇಕು, ಮದ್ದಿನ ಗಂಟು ಹಾಕಬೇಕು, ಜಡಿಯಬೇಕು, ಬೆಂಕಿ ಕೊಡಬೇಕು. ಹದಿನೆಂಟನೆಯ ಶತಮಾನದ ಸಿಪಾಯಿಗೆ ಸಿಗುತ್ತಿದ್ದುದಕ್ಕಿಂತ ಎರಡು ಸೆಕೆಂಡು ಕಡಿಮೆಯೇ. ಕೋಲು ತೂರಿಸುವ ಹೆಜ್ಜೆಯನ್ನು ಆತುರದಲ್ಲಿ ಅರ್ಧಕ್ಕೆ ಬಿಟ್ಟರೆ ಹಾಕಿದ ಮದ್ದು ಕೈಯಲ್ಲೇ ಹತ್ತಿಕೊಳ್ಳಬಹುದು.

ಅದಕ್ಕೇ ದಸರೆಗೆ ವಾರಗಳ ಮುಂಚಿನಿಂದ ಸಶಸ್ತ್ರ ಮೀಸಲು ಪಡೆಯವರು ಅಭ್ಯಾಸ ಶುರುಮಾಡುತ್ತಾರೆ. ಮೊದಮೊದಲು ಮದ್ದೇ ಇರುವುದಿಲ್ಲ. ಖಾಲಿ ಫಿರಂಗಿಗೆ ಕೋಲು ತೂರಿಸಿ, ಇಲ್ಲದ ಮದ್ದನ್ನು ಜಡಿದು, ಇಲ್ಲದ ಬೆಂಕಿ ಕೊಟ್ಟು, ಎಣಿಸಿಕೊಂಡು ಮುಗಿಸುವುದು. ಪತ್ರಿಕೆಗಳು ಇದನ್ನು 'ಒಣ ತಾಲೀಮು' ಎಂದು ಬರೆಯುತ್ತವೆ. ಆನೆ ಕುದುರೆಗಳಿಗೆ ಸದ್ದು ರೂಢಿಸುವ ದಿನ ಮಾತ್ರ ಮದ್ದು. ಇಂಗ್ಲಿಷರ ನೌಕಾಪಡೆಯಲ್ಲಿ ಗೌರವದ ತೋಪು ಹಾರಿಸುವವನು ಸಂದುಗಳನ್ನು ಸರಿದೂಗಿಸಲು ಒಂದು ಗೊಣಗಾಟದ ಸಾಲನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದನಂತೆ. ತಾನು ತೋಪಿನವನಾಗದಿದ್ದರೆ ಇಲ್ಲಿರುತ್ತಿರಲಿಲ್ಲ ಎಂಬರ್ಥದ್ದು. ಹೇಳಿ ಮುಗಿದಾಗ ಐದು ಸೆಕೆಂಡು. ಆರ್ಯಭಟನಿಗೆ ಇದು ಅರ್ಥವಾಗುತ್ತಿತ್ತು.

ಬಾಯಿ ಎಣಿಕೆಗೆ ಒಂದು ಮಿತಿ ಇದೆ. ಎಣಿಸುವವನಿಗೂ ಮೈ ಇದೆ, ಅವನ ಕಿವಿಯಿಂದ ನಾಲಿಗೆಗೆ ಹೋಗಲೂ ಹೊತ್ತು ಬೇಕು. ಈ ಗುಟ್ಟು ಬಯಲಾದದ್ದು ನಕ್ಷತ್ರ ನೋಡುವವರ ಮನೆಯಲ್ಲಿ. ಗ್ರೀನಿಚ್ಚಿನ ವೀಕ್ಷಣಾಲಯದಲ್ಲಿ ಮಾಸ್ಕೆಲಿನ್ ಎಂಬ ಖಗೋಳಜ್ಞ, ನಕ್ಷತ್ರ ದಾಟುವ ಹೊತ್ತನ್ನು 0.8 ಸೆಕೆಂಡು ತಡವಾಗಿ ಗುರುತಿಸುತ್ತಾನೆಂದು ತನ್ನ ಸಹಾಯಕ ಕಿನೆಬ್ರೂಕನನ್ನು 1796ರಲ್ಲಿ ಕೆಲಸದಿಂದ ತೆಗೆದ. ಪಾಪ, ಅವನದು ಸೋಮಾರಿತನವಲ್ಲ ಎಂದು ತಿಳಿಯಲು ಕಾಲು ಶತಮಾನ ಹಿಡಿಯಿತು: ಯಾರ ಮೈಯೂ ಕಂಡದ್ದನ್ನು ಕಂಡ ಕ್ಷಣಕ್ಕೇ ಮಾಡಿ ತೋರಿಸದು, ಒಬ್ಬೊಬ್ಬರಿಗೆ ಒಂದೊಂದು ತಡ. 1840ರ ದಶಕದಲ್ಲಿ ವೀಟ್‌ಸ್ಟನ್ ಗುಂಡಿನ ವೇಗ ಅಳೆಯಲೆಂದು ವಿದ್ಯುತ್ತಿನ ಗಡಿಯಾರ ಮಾಡಿದ, ಹಿಪ್ ಎಂಬವನು ಅದನ್ನು ಸುಧಾರಿಸಿದ, ಮುಂದೆ ಮನಶ್ಶಾಸ್ತ್ರಜ್ಞರು ಅದೇ ಯಂತ್ರವನ್ನು ಮನುಷ್ಯನ ತಡ ಅಳೆಯಲು ತಮ್ಮ ಪ್ರಯೋಗಶಾಲೆಗೆ ಒಯ್ದರು. ಸದ್ದು ಕೇಳಿ ಬೆರಳು ಅಲುಗಲು ಒಬ್ಬ ಸಾಮಾನ್ಯನಿಗೆ 0.2 ಸೆಕೆಂಡಿನ ಆಸುಪಾಸು ಬೇಕು ಎಂದು ಗೊತ್ತಾಯಿತು. ಒಂದು ಲಘು.

ಗುರಿಯಾಟದಲ್ಲಿ ಈ ತಡ ಎರಡೂ ಕಡೆ ಇತ್ತು. 1976ರಲ್ಲಿ ಅಮೆರಿಕದ ಕೊಲಂಬಿಯಾದಲ್ಲಿ ಪ್ರಾಕ್ಟಿಕಲ್ ಶೂಟಿಂಗಿನ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಅಲ್ಲಿ ಗಳಿಸಿದ ಅಂಕವನ್ನು ಹಿಡಿದ ಸೆಕೆಂಡಿನಿಂದ ಭಾಗಿಸಿ ಗೆದ್ದವರನ್ನು ನಿರ್ಧರಿಸುತ್ತಾರೆ. ಮೊದಲಿಗೆ ತೀರ್ಪುಗಾರನ ಕೈಯಲ್ಲಿದ್ದುದು ಸ್ಟಾಪ್‌ವಾಚು: ಕೊನೆಯ ಈಡು ಕೇಳಿದಾಗ ಒತ್ತಬೇಕು. ಎರಡು ಲಘುವಿನಲ್ಲಿ ಸೋಲು ಗೆಲುವು ತೀರುವಾಗ ಹೊಡೆದವನ ಜೊತೆಗೆ ಕೇಳಿದವನ ಹೆಬ್ಬೆರಳೂ ಲೆಕ್ಕಕ್ಕೆ ಸೇರುತ್ತಿತ್ತು. 1980ರ ದಶಕದಲ್ಲಿ ಮೈಕ್ರೋಫೋನು ಇರುವ ಪೆಟ್ಟಿಗೆಗಳು ಬಂದು ಆ ಹೆಬ್ಬೆರಳನ್ನು ಬಿಡಿಸಿದವು.

ಒಲಿಂಪಿಕ್ಸಿನಲ್ಲಿ ಸದ್ದಿಗೆ ಬದಲಾಗಿ ಬೆಳಕು. 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ತೋಳನ್ನು 45 ಡಿಗ್ರಿಗೆ ಇಳಿಬಿಟ್ಟು ನಿಲ್ಲಬೇಕು, ಹಸಿರು ದೀಪ ಹತ್ತಿದೊಡನೆ ಎತ್ತಿ ಐದು ಗುರಿಗೆ ಐದು ಈಡು. ಮೊದಲು 8 ಸೆಕೆಂಡು, ಆಮೇಲೆ 6, ಆಮೇಲೆ 4. ಎರಡು ಪ್ರಾಣ, ಒಂದೂವರೆ ಪ್ರಾಣ, ಒಂದು ಪ್ರಾಣ. 2012ರಲ್ಲಿ ಲಂಡನ್ನಿನ ಫೈನಲ್‌ನಲ್ಲಿ ವಿಜಯ್ ಕುಮಾರ್ ಹೊಡೆದದ್ದೆಲ್ಲ 4 ಸೆಕೆಂಡಿನ ಸರಣಿಗಳು. ನಲವತ್ತರಲ್ಲಿ ಮೂವತ್ತು ಮುಟ್ಟಿಸಿ ಬೆಳ್ಳಿ ತಂದ. ಒಂದು ಉಸಿರಿನ ಹೊತ್ತಿಗೆ ಐದು ಈಡು, ಅದೂ ಉಸಿರು ಬಿಗಿಹಿಡಿದು.

ನನ್ನಂಥವನ ಏರ್ ಪಿಸ್ತೂಲಿಗೆ ಈ ಅವಸರ ಇಲ್ಲ. ಹತ್ತು ಮೀಟರ್ ಸ್ಪರ್ಧೆಯಲ್ಲಿ ಅರವತ್ತು ಈಡಿಗೆ 75 ನಿಮಿಷ, ಮೂರು ಗಳಿಗೆಗೆ ಒಂದಿಷ್ಟು ಹೆಚ್ಚು. ಹಾಗಿದ್ದ ಮೇಲೆ ಟೈಮರ್ ಯಾಕೆ ಎಂದು ಕೇಳಬಹುದು. ಏರ್ ಪಿಸ್ತೂಲಿನ ರೋಗ ತದ್ವಿರುದ್ಧವಾದದ್ದು: ತೋಳೆತ್ತಿ ನಿಂತು, ಇನ್ನೂ ಚೆನ್ನಾಗಿ ಕೂರಲಿ ಎಂದು ಕಾಯುತ್ತ ಕಾಯುತ್ತ ಕಣ್ಣು ಮಂಜಾಗಿ ಕೈ ನಡುಗಿ ಹೊಡೆಯುವುದು. ಎಂಟು ಹತ್ತು ಸೆಕೆಂಡಿನೊಳಗೆ ಈಡು ಹೊರಡದಿದ್ದರೆ ತೋಳು ಇಳಿಸಿಬಿಡಬೇಕು ಎಂದು ತರಬೇತುದಾರರು ಹೇಳುತ್ತಾರೆ. ಒಳಗಿನ ಗಡಿಯಾರ ಅಂಥ ಹೊತ್ತಲ್ಲಿ ಸುಳ್ಳು ಹೇಳುತ್ತದೆ. ಹೊರಗಿನದೊಂದು ಬೇಕು.

ಕೊಳ್ಳುವಾಗ ನಾನು ಮೊದಲು ನೋಡಿದ್ದು ಅದರ ಕಿವಿಯನ್ನು. ದೊಡ್ಡ ಬಂದೂಕಿಗೆಂದೇ ಮಾಡಿದ ಟೈಮರುಗಳು ಏರ್ ಪಿಸ್ತೂಲಿನ 'ಟಪ್' ಎನ್ನುವ ಸಣ್ಣ ಸದ್ದನ್ನು ಗಮನಿಸುವುದೇ ಇಲ್ಲ. ಕಿವಿಯ ಚುರುಕನ್ನು ಬಹಳ ಮೇಲಕ್ಕೇರಿಸಲು ಬರುವಂಥದ್ದೇ ಆಗಬೇಕು. ಏರಿಸಿದಾಗ ಹುಳು ಮನೆಯಲ್ಲಿ ಒಂದು ಚೋದ್ಯ ನಡೆಯಿತು. ಒಂದು ಈಡಿಗೆ ಟೈಮರ್ ಎರಡೆಂದು ಬರೆಯುತ್ತಿತ್ತು, ನಡುವೆ 0.10 ಸೆಕೆಂಡು. ಲೆಕ್ಕ ಹಾಕಿದಾಗ ತಿಳಿಯಿತು: ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹತ್ತು ಮೀಟರ್ ಹೋಗಲು 0.07, ಹಿಂದಿನ ತಗಡಿಗೆ ಬಡಿದ ಸದ್ದು ನನ್ನವರೆಗೆ ವಾಪಸು ಬರಲು 0.03. ರಾಬಿನ್ಸನ ಹಲಗೆಯ ಕೆಲಸವನ್ನು ಒಂದು ತಗಡು ಪುಕ್ಕಟೆ ಮಾಡಿಕೊಟ್ಟಿತ್ತು. ತಗಡಿನ ಮುಂದೆ ಹಳೆಯ ಗೋಣಿಚೀಲಗಳನ್ನು ಮಡಚಿ ಇಳಿಬಿಟ್ಟ ಮೇಲೆ ಆ ಎರಡನೆಯ ಈಡು ನಿಂತಿತು. ಶೀಟಿನ ಚಾವಣಿಯ ಮಾರ್ದನಿಗೆ ಇದು ಸಾಲಲಿಲ್ಲ. ಕಿವಿಯನ್ನು ಎರಡು ಮೆಟ್ಟಿಲು ಇಳಿಸಿ, ಟೈಮರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಿಸ್ತೂಲಿಗೆ ಹತ್ತಿರ ತಂದೆ. ಪಕ್ಕದಲ್ಲಿ ಇನ್ನೊಬ್ಬರು ಹೊಡೆಯುತ್ತಿದ್ದರೆ ಅವರ ಈಡೂ ನಮ್ಮ ಖಾತೆಗೆ ಬೀಳುತ್ತದೆ, ಅದಕ್ಕೂ ಇದೇ ಮದ್ದು.

ಎರಡನೆಯದು ಆ ಅನಿಶ್ಚಿತ ಮೌನ. ಗುಂಡಿ ಒತ್ತಿ ಪ್ರತಿಸಲ ಸರಿಯಾಗಿ ಮೂರು ಸೆಕೆಂಡಿಗೇ ಕೂಗುವ ಟೈಮರಿದ್ದರೆ ನಾಲ್ಕನೆಯ ಸಲಕ್ಕೆ ಮೈ ಮೋಸ ಕಲಿಯುತ್ತದೆ, ಕೂಗಿಗೆ ಮೊದಲೇ ತೋಳು ಹೊರಡುತ್ತದೆ. ಓಟದ ಸ್ಪರ್ಧೆಯಲ್ಲಿ ಪಿಸ್ತೂಲಿನ ಸದ್ದಿಗೆ 0.1 ಸೆಕೆಂಡಿನೊಳಗೆ ಹೊರಟವರನ್ನು ತಪ್ಪು ಎನ್ನುವುದು ಅದಕ್ಕೇ: ಅಷ್ಟು ಬೇಗ ಕೇಳಿ ಹೊರಡಲು ಯಾರಿಗೂ ಆಗದು, ಊಹಿಸಿ ಹೊರಟಿರಬೇಕು. ಹವಾಲ್ದಾರನ ಬಾಯಿಗೂ ಈ ಪೆಟ್ಟಿಗೆಗೂ ಇರುವ ದೊಡ್ಡ ಅಂತರ ನನಗೆ ಕಂಡದ್ದು ಇಲ್ಲಿ. ಅವನ ಎಣಿಕೆ ತಾಳ, ಕಿವಿ ಅದರ ಜೊತೆ ಹೋಗುತ್ತದೆ, ನೂರು ಜನರನ್ನು ಒಂದು ಮೈ ಮಾಡುತ್ತದೆ. ಇದರ ಕೂಗಿಗೆ ತಾಳವಿಲ್ಲ. ಒಬ್ಬನನ್ನು ಒಬ್ಬನಾಗಿಯೇ ನಿಲ್ಲಿಸಿ ಅವನ ತಡ ಎಷ್ಟೆಂದು ಅವನಿಗೇ ತೋರಿಸುತ್ತದೆ. ಕಿನೆಬ್ರೂಕನಿಗೆ ಇಂಥದ್ದೊಂದು ಸಿಕ್ಕಿದ್ದರೆ ಕೆಲಸ ಉಳಿಯುತ್ತಿತ್ತೋ ಏನೋ.

ಉಳಿದವು ಸಣ್ಣ ಸಂಗತಿಗಳು. ಕಿವಿಗೆ ರಕ್ಷಣೆ ಹಾಕಿಕೊಂಡಾಗಲೂ ಕೇಳುವಷ್ಟು ಜೋರಾದ ಕೂಗು, ಬಿಸಿಲಲ್ಲಿ ಓದಲು ಬರುವ ಪರದೆ, ನಮ್ಮೂರ ಅಂಗಡಿಯಲ್ಲೇ ಸಿಗುವ ಬ್ಯಾಟರಿ. ಫೋನಿನ ಆ್ಯಪುಗಳು ಕೂಗಲು ಸಾಕು, ಕೇಳಲು ಸಾಲವು. ಫೋನಿನ ಮೈಕು ಮಾತಿಗೆಂದು ಮಾಡಿದ್ದು, ಥಟ್ಟನೆ ಬಂದ ಸದ್ದನ್ನು ಗದ್ದಲವೆಂದು ಒರೆಸಿಹಾಕುತ್ತದೆ. ಹೊಸಬರಿಗೆ ಒಂದು ಮಾತು: ಗುರಿ ಕೂರುವ ಮೊದಲೇ ಟೈಮರ್ ಹಚ್ಚಿದರೆ ಬೇಗ ತಪ್ಪುವುದನ್ನು ಕಲಿಯುತ್ತೀರಿ. ನಾನು ವಾರಕ್ಕೊಂದು ದಿನ ಮಾತ್ರ ಹಚ್ಚುತ್ತೇನೆ. ಗುರಿಯ ಕಾಗದದ ಮೇಲೆ ಪ್ರತಿ ತೂತಿನ ಪಕ್ಕ ಅದರ ಹೊತ್ತು ಬರೆಯುತ್ತೇನೆ. ಹೊತ್ತೂ ತೂತೂ ಒಂದೇ ಹಾಳೆಯಲ್ಲಿರದಿದ್ದರೆ ಎರಡರಿಂದಲೂ ಏನೂ ತಿಳಿಯುವುದಿಲ್ಲ.

ಟೈಮರಿನಲ್ಲಿ ಇನ್ನೊಂದು ಅನುಕೂಲವಿದೆ, ಪಾರ್ ಟೈಮ್ ಎನ್ನುತ್ತಾರೆ. ನಾವು ಹೇಳಿದಷ್ಟು ಸೆಕೆಂಡಿಗೆ ಅದು ಎರಡನೆಯ ಸಲ ಕೂಗುತ್ತದೆ. ಎರಡು ಕೂಗಿನ ನಡುವೆ ಕೆಲಸ ಮುಗಿಯಬೇಕು. ಇದಕ್ಕೆ ಬಂದೂಕಿನ ಸದ್ದೇ ಬೇಕಿಲ್ಲ, ಆದ್ದರಿಂದ ಗುಂಡೂ ಬೇಕಿಲ್ಲ. ತೋಟೆಯ ಬೆಲೆ ನೋಡಿದ ದೊಡ್ಡ ಪಿಸ್ತೂಲಿನ ಆಟಗಾರರ ಅಭ್ಯಾಸದ ಬಹುಪಾಲು ನಡೆಯುವುದು ಹೀಗೇ, ಮನೆಯಲ್ಲಿ, ಖಾಲಿ ಪಿಸ್ತೂಲಿನಲ್ಲಿ, ಗೋಡೆಯ ಮೇಲಿನ ಚುಕ್ಕೆಗೆ. ಡ್ರೈ ಫೈರ್ ಎಂಬ ಅವರ ಮಾತಿಗೆ ಅರಮನೆಯ ಪೊಲೀಸರ ಒಣ ತಾಲೀಮಿಗಿಂತ ಒಳ್ಳೆಯ ಕನ್ನಡ ನನಗೆ ಹೊಳೆದಿಲ್ಲ. ಕಳಲೆಯ ಖಜಾನೆಗೆ ಭಾರವಾದ ಖರ್ಚಿನಲ್ಲಿ ಮದ್ದಿನ ಪಾಲು ಹೀಗೆ ಉಳಿಯುತ್ತದೆ. ಸಂಬಳದ ಪಾಲನ್ನು ಹೊಡೆಯುವವನು ತನ್ನ ಸಂಜೆಗಳಿಂದ ಕಟ್ಟುತ್ತಾನೆ.

ನಾನು ಎಂಟು ಸೆಕೆಂಡಿಗೆ ಇಟ್ಟಿದ್ದೇನೆ, ಎರಡು ಪ್ರಾಣ. ರಾತ್ರಿ ಊಟಕ್ಕೆ ಮೊದಲು ಹಜಾರದಲ್ಲಿ ಇಪ್ಪತ್ತು ಸಲ. ಪಿಸ್ತೂಲು ಖಾಲಿ ಎಂದು ಎರಡು ಸಲ ನೋಡಿ, ಗುಂಡಿನ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆ. ಮೊದಲ ಕೂಗಿಗೆ ತೋಳು ಏರುತ್ತದೆ, ಉಸಿರು ಅರ್ಧ ಇಳಿದು ನಿಲ್ಲುತ್ತದೆ, ಬೆರಳು ಒತ್ತುತ್ತದೆ, ಎರಡನೆಯ ಕೂಗಿಗೆ ಮೊದಲು ಟ್ರಿಗರ್ ಬೀಳುವ ಸಣ್ಣ ಸದ್ದು. ಒಮ್ಮೊಮ್ಮೆ ಕೂಗು ಮೊದಲು ಬರುತ್ತದೆ, ತೋಳು ಇಳಿಸುತ್ತೇನೆ. ಆ ಸಣ್ಣ ಸದ್ದು ಟೈಮರಿನ ಕಿವಿಗೆ ಬೀಳುವಂಥದ್ದಲ್ಲ, ಇಪ್ಪತ್ತೂ ಸಲ ಪರದೆಯ ಮೇಲೆ ಈಡುಗಳ ಲೆಕ್ಕ ಸೊನ್ನೆ.